ಅಮೆರಿಕದ ಹಳೆಯ ಬೆಳ್ಳಿ ಡಾಲರ್: ಬೆಳ್ಳಿಯ ಬೆಲೆ ಎಷ್ಟು, ನಾಣ್ಯದ ಬೆಲೆ ಎಷ್ಟು?

ಕಾವೇರಿ_ಡಲ್ಲಾಸ್:
ಎಲ್ಲರಿಗೂ ನಮಸ್ಕಾರ. ಇಲ್ಲಿ ಒಂದು ಮನೆ ಸಾಮಾನಿನ ಮಾರಾಟದಲ್ಲಿ ಬೆಳ್ಳಿ ನಾಣ್ಯಗಳು ಒಂದೇ ಲಾಟ್ ಆಗಿ ಬಂದಿವೆ. ಎರಡು ಬಗೆಯ ಹಳೆಯ ಬೆಳ್ಳಿ ಡಾಲರ್ (ಮಾರ್ಗನ್ ಡಾಲರ್ 22, ಪೀಸ್ ಡಾಲರ್ 6), ಅರ್ಧ ಡಾಲರ್ ಮತ್ತು ಕ್ವಾರ್ಟರ್ (25 ಸೆಂಟ್) ಸೇರಿ ಮುಖಬೆಲೆಯಲ್ಲಿ 10 ಡಾಲರ್, ಜೊತೆಗೆ 1943ರ ನಿಕಲ್ (5 ಸೆಂಟ್ ನಾಣ್ಯ) ಒಂದು ಹಿಡಿ. ಇವತ್ತಿನ ಬೆಳ್ಳಿ ದರದ ಮೇಲೆ ಶೇ 10 ಸೇರಿಸಿ ಕೊಡಿ ಅನ್ನುತ್ತಿದ್ದಾರೆ. ದರ ಸರಿ ಇದೆಯೇ ಅಂತ ಲೆಕ್ಕ ಹಾಕುವುದು ಹೇಗೆ? ಯಾವ ಇಸವಿಯನ್ನು ಬೇರೆ ತೆಗೆದಿಡಬೇಕು? ಕೆಲವು ಪೂರ್ತಿ ಕಪ್ಪಾಗಿವೆ, ತೊಳೆಯಬಹುದೇ?

ಒರೆಗಲ್ಲು:
ಕಡೆಯ ಪ್ರಶ್ನೆಗೆ ಉತ್ತರ ಮೊದಲು: ತೊಳೆಯಬೇಡಿ. ಕಾರಣ ಆಮೇಲೆ.

ಬೆಳ್ಳಿಯ ಲೆಕ್ಕ ಹೀಗೆ. 1837ರಿಂದ 1964ರ ತನಕದ ಡೈಮ್ (10 ಸೆಂಟ್), ಕ್ವಾರ್ಟರ್, ಅರ್ಧ ಡಾಲರ್, ಡಾಲರ್ ಎಲ್ಲವೂ ಶೇ 90 ಬೆಳ್ಳಿ, ಶೇ 10 ತಾಮ್ರ. ಮಾರ್ಗನ್ ಮತ್ತು ಪೀಸ್ ಡಾಲರಿನ ತೂಕ 26.73 ಗ್ರಾಂ, ಅದರಲ್ಲಿ ಚೊಕ್ಕ ಬೆಳ್ಳಿ 24.06 ಗ್ರಾಂ, ಅಂದರೆ 0.7734 ಟ್ರಾಯ್ ಔನ್ಸ್. ಟ್ರಾಯ್ ಔನ್ಸ್ ಅಂದರೆ 31.1035 ಗ್ರಾಂ, ಅಡುಗೆಮನೆಯ 28.35 ಗ್ರಾಂ ಔನ್ಸ್ ಅಲ್ಲ. ಇಲ್ಲಿ ಎಡವಿದರೆ ಇಡೀ ಲೆಕ್ಕ ಶೇ 10ರಷ್ಟು ತಪ್ಪುತ್ತದೆ.

ಚಿಲ್ಲರೆ ನಾಣ್ಯಗಳಲ್ಲಿ ಬೆಳ್ಳಿ ಸ್ವಲ್ಪ ಕಡಿಮೆ. 1873ರ ನಂತರ ಅರ್ಧ ಡಾಲರ್ 12.5 ಗ್ರಾಂ, ಕ್ವಾರ್ಟರ್ 6.25, ಡೈಮ್ 2.5. ಹೊಸದರಲ್ಲಿ ಒಂದು ಡಾಲರ್ ಮುಖಬೆಲೆಗೆ 0.7234 ಔನ್ಸ್ ಬರುತ್ತದೆ. ಸವೆತ ಕಳೆದು ವ್ಯಾಪಾರಿಗಳು 0.715 ಹಿಡಿಯುತ್ತಾರೆ. ಔನ್ಸ್‌ಗೆ 30 ಡಾಲರ್ ಎಂದುಕೊಂಡರೆ ನಿಮ್ಮ 10 ಡಾಲರ್ ಚಿಲ್ಲರೆ 7.15 × 30 = 214.50, ಒಂದು ಮಾರ್ಗನ್ 23.20. ದಿನದ ದರ ಹಾಕಿ ನೀವೇ ಗುಣಿಸಿಕೊಳ್ಳಿ. ಆದರೆ ಡಾಲರ್ ನಾಣ್ಯಗಳನ್ನೂ ಚಿಲ್ಲರೆಯನ್ನೂ ಒಂದೇ ರಾಶಿ ಮಾಡಿ 0.715ರಿಂದ ಗುಣಿಸಬೇಡಿ. ಮಾರುವಾಗ ಹಾಗೆ ಮಾಡಿದರೆ ಪ್ರತಿ ಡಾಲರಿಗೂ ಸುಮಾರು ಶೇ 7.5 ಕೈಬಿಟ್ಟಂತೆ.

ನಿಕಲ್: 1942ರ ನಡುವಿನಿಂದ 1945ರವರೆಗೆ ಯುದ್ಧಕ್ಕೆ ನಿಕಲ್ ಲೋಹ ಬೇಕಾಗಿದ್ದರಿಂದ ಶೇ 35 ಬೆಳ್ಳಿ, ಶೇ 56 ತಾಮ್ರ, ಶೇ 9 ಮ್ಯಾಂಗನೀಸ್ ಹಾಕಿದರು. ಹಿಂಬದಿಯ ಕಟ್ಟಡದ ಗುಮ್ಮಟದ ಮೇಲೆ ದೊಡ್ಡದಾಗಿ ಪಿ, ಡಿ ಅಥವಾ ಎಸ್ ಇರುತ್ತದೆ. ಒಂದರಲ್ಲಿ 0.0563 ಔನ್ಸ್. ಕರಗಿಸಿ ಶುದ್ಧ ಮಾಡುವುದು ಕಷ್ಟವಾದ್ದರಿಂದ ಕೊಳ್ಳುವವರು ಇದಕ್ಕೆ ಬೆಳ್ಳಿಯ ಪೂರ್ತಿ ಬೆಲೆ ಕೊಡುವುದಿಲ್ಲ. ಶೇ 10 ಮೇಲೆ ಕೊಟ್ಟು ತಗೊಳ್ಳುವಂಥದ್ದಲ್ಲ.

ಧಾರವಾಡದ_ನಾಣ್ಯಪೆಟ್ಟಿಗೆ:
ಲೆಕ್ಕ ಬರೋಬ್ಬರಿ ಐತಿ. ಒಂದು ಸೇರಿಸ್ತೀನಿ. ಅರ್ಧ ಡಾಲರ್‌ದಾಗ ಕೆನೆಡಿ ಮುಖ ಇದ್ರ ಇಸವಿ ನೋಡ್ರಿ. 1964 ಇದ್ರ ಶೇ 90. 1965ರಿಂದ 1970ರ ತನಕ ಬರೇ ಶೇ 40, ತೂಕ 11.5 ಗ್ರಾಂ, ಬೆಳ್ಳಿ 0.1479 ಔನ್ಸ್. 1971ರಿಂದ ಚಲಾವಣೆಗೆ ಬಿಟ್ಟ ಅರ್ಧ ಡಾಲರ್‌ದಾಗ ಬೆಳ್ಳಿನೇ ಇಲ್ರಿ. ಅಂಚು ನೋಡಿದ್ರ ತಾಮ್ರದ ಕೆಂಪು ಗೆರಿ ಎದ್ದು ಕಾಣ್ತೈತಿ. ಇವು ಮೂರೂ ಒಂದೇ ಚೀಲದಾಗ ಕೂಡೇ ಬರ್ತಾವ, ಮುಖಬೆಲೆ ಲೆಕ್ಕದಾಗ ಕೊಂಡವರು ಇಲ್ಲೇ ಮೋಸ ಹೋಗ್ತಾರ.

ಇನ್ನೊಂದು, ಅಕ್ಷರ ಅಳಿಸಿ ನುಣ್ಣಗಾದ ಬಾರ್ಬರ್ ಅರ್ಧ ಡಾಲರ್ (1892ರಿಂದ 1915ರ ತನಕದ್ದು) ಇದ್ರ ಮುಖಬೆಲೆ ಬಿಟ್ಟು ತೂಗಿ ತಗೋರಿ. 12.5 ಗ್ರಾಂ ಇರಬೇಕಾದ್ದು 11.5ಕ್ಕಿಂತ ಕೆಳಗೂ ಇಳಿದಿರ್ತೈತಿ.

ಹಳೇಟಂಕಸಾಲೆ:
ಈಗ ಇಸವಿಯ ವಿಷಯ. ಅದಕ್ಕೆ ಮೊದಲು ಟಂಕಸಾಲೆಯ ಗುರುತು ಎಲ್ಲಿದೆ ಅಂತ ತಿಳಿದಿರಬೇಕು. ಮಾರ್ಗನ್‌ನಲ್ಲಿ ಹಿಂಬದಿ, ಎಲೆಹಾರದ ಗಂಟಿನ ಕೆಳಗೆ, ‘ಡಾಲರ್’ ಪದದ ಡಿ ಮತ್ತು ಓ ಅಕ್ಷರಗಳ ನೆತ್ತಿಯ ಮೇಲೆ. ಪೀಸ್‌ನಲ್ಲಿ ಹಿಂಬದಿಯ ‘ಒನ್’ ಪದದ ಕೆಳಗೆ, ರೆಕ್ಕೆಯ ತುದಿಯ ಹತ್ತಿರ. ಗುರುತೇ ಇಲ್ಲದಿದ್ದರೆ ಫಿಲಡೆಲ್ಫಿಯಾ. ಎಸ್ ಅಂದರೆ ಸ್ಯಾನ್ ಫ್ರಾನ್ಸಿಸ್ಕೊ, ಓ ಅಂದರೆ ನ್ಯೂ ಆರ್ಲಿಯನ್ಸ್, ಸಿಸಿ ಅಂದರೆ ಕಾರ್ಸನ್ ಸಿಟಿ, ಡಿ ಅಂದರೆ ಡೆನ್ವರ್. ಮಾರ್ಗನ್‌ನಲ್ಲಿ ಆ ಕಾಲದ ಡಿ ಬರುವುದು 1921ರಲ್ಲಿ ಮಾತ್ರ.

ಜಾರ್ಜ್ ಮಾರ್ಗನ್ ಕೆತ್ತಿದ ಈ ಡಾಲರ್ 1878ರಿಂದ 1904ರವರೆಗೆ, ಮತ್ತೆ 1921ರಲ್ಲಿ ಅಚ್ಚಾಯಿತು. ನಡುವಿನ ಅಂತರಕ್ಕೆ ಕಾರಣ, ಡಾಲರಿಗೆಂದು ಸರ್ಕಾರ ಕೊಂಡಿಟ್ಟಿದ್ದ ಬೆಳ್ಳಿ ಮುಗಿದದ್ದು. 1921ರಲ್ಲಿ ಮತ್ತೆ ಶುರುವಾದದ್ದಕ್ಕೆ ಕಾರಣ ನಮ್ಮ ದೇಶ! ಮೊದಲ ಮಹಾಯುದ್ಧದ ಕಾಲದಲ್ಲಿ ಭಾರತದ ಜನ ನೋಟು ಕೊಟ್ಟು ಬೆಳ್ಳಿ ರೂಪಾಯಿ ಕೇಳತೊಡಗಿದರು, ಸರ್ಕಾರದ ಖಜಾನೆಯ ರೂಪಾಯಿ ಬರಿದಾಗುತ್ತ ಬಂತು. 1917ರ ಕೊನೆಗೆ ಒಂದು ರೂಪಾಯಿ ನೋಟು ಹುಟ್ಟಿದ್ದು ಇದೇ ಬಿಕ್ಕಟ್ಟಿನಿಂದ. ಆಗ ಬ್ರಿಟನ್ ಅಮೆರಿಕವನ್ನು ಬೆಳ್ಳಿ ಕೇಳಿತು. 1918ರ ಏಪ್ರಿಲ್‌ನಲ್ಲಿ ಪಿಟ್‌ಮನ್ ಕಾಯ್ದೆ ಬಂತು. ಅದರಡಿ 27,02,32,722 ಬೆಳ್ಳಿ ಡಾಲರ್ ಕರಗಿದವು, ಅದರಲ್ಲಿ 25.9 ಕೋಟಿ ಡಾಲರಿನ ಬೆಳ್ಳಿ ಬ್ರಿಟನ್‌ಗೆ ಮಾರಾಟವಾಗಿ ಭಾರತದತ್ತ ಬಂತು. ಒಂದು ಡಾಲರಿನಲ್ಲಿ 371.25 ಗ್ರೇನ್ (ತೂಕದ ಹಳೆಯ ಅಳತೆ) ಚೊಕ್ಕ ಬೆಳ್ಳಿ, ಆ ಕಾಲದ ರೂಪಾಯಿಯಲ್ಲಿ 165 ಗ್ರೇನ್. ಭಾಗಿಸಿ ನೋಡಿ, ಸರಿಯಾಗಿ ಎರಡೂಕಾಲು. ಒಂದು ಮಾರ್ಗನ್ ಕರಗಿದರೆ ಎರಡು ರೂಪಾಯಿ ನಾಲ್ಕಾಣೆ. ನಮ್ಮ ಮನೆಗಳ ಪೆಟ್ಟಿಗೆಯಲ್ಲಿರುವ 1918, 1919ರ ಐದನೇ ಜಾರ್ಜ್ ರೂಪಾಯಿಗಳನ್ನು ನೋಡುವಾಗ ಇದು ನೆನಪಿರಲಿ. ಕರಗಿಸಿದಷ್ಟು ಡಾಲರನ್ನು ಮತ್ತೆ ಅಚ್ಚುಹಾಕಬೇಕು ಎಂಬ ಷರತ್ತೂ ಅದೇ ಕಾಯ್ದೆಯಲ್ಲಿತ್ತು. ಹಾಗಾಗಿ 1921ರಲ್ಲಿ ಫಿಲಡೆಲ್ಫಿಯಾ ಒಂದೇ 4.469 ಕೋಟಿ ಮಾರ್ಗನ್ ಅಚ್ಚುಹಾಕಿತು, ವರ್ಷದ ಕೊನೆಗೆ ಪೀಸ್ ಡಾಲರ್ ಶುರುವಾಯಿತು.

ಬೆಲೆ ಕಟ್ಟುವವರಿಗೆ ಇದರಿಂದ ತಿಳಿಯಬೇಕಾದ ಮಾತೊಂದಿದೆ. ಯಾವ ಇಸವಿಯ ನಾಣ್ಯ ಎಷ್ಟು ಕರಗಿತು ಅಂತ ಯಾರೂ ಬರೆದಿಡಲಿಲ್ಲ. ಆದ್ದರಿಂದ ‘ಇಷ್ಟು ಲಕ್ಷ ಅಚ್ಚಾಗಿತ್ತು’ ಎಂಬ ಅಂಕಿಯೊಂದನ್ನೇ ನಂಬಿ ಮಾರ್ಗನ್‌ಗೆ ಬೆಲೆ ಕಟ್ಟಲಾಗದು. 1903-ಓ ನೋಡಿ: 44.5 ಲಕ್ಷ ಅಚ್ಚಾಗಿದ್ದರೂ ಬಹುಪಾಲು ಕರಗಿತು ಎಂದು ನಂಬಿ ಜನ ದೊಡ್ಡ ಬೆಲೆ ಕೊಡುತ್ತಿದ್ದರು. 1962ರ ಕೊನೆಯಲ್ಲಿ ಅಮೆರಿಕದ ಖಜಾನೆಯಿಂದ ಅದರ ಮೂಟೆಗಳೇ ಹೊರಬಂದವು, ಬೆಲೆ ಒಮ್ಮೆಲೇ ಬಿತ್ತು. 1885-ಸಿಸಿ ಅಚ್ಚಾದದ್ದು 2,28,000 ಮಾತ್ರ, ಆದರೆ ಅರ್ಧಕ್ಕಿಂತ ಹೆಚ್ಚು ಮೂಟೆಯಲ್ಲೇ ಉಳಿದಿತ್ತು. ಹೊಸದು ಹುಡುಕಿದರೆ ಸಿಗುತ್ತದೆ, ಸವೆದದ್ದೇ ಅಪರೂಪ.

ಕಾವೇರಿ_ಡಲ್ಲಾಸ್:
ಹಳೇಟಂಕಸಾಲೆ ಸರ್, ಇದು ನನಗೆ ಗೊತ್ತಿರಲಿಲ್ಲ. ಹಾಗಾದರೆ 22 ಮಾರ್ಗನ್‌ನಲ್ಲಿ ಯಾವುದು ಕಂಡರೆ ಬಿಡಬಾರದು?

ಹಳೇಟಂಕಸಾಲೆ:
ಎಲ್ಲಕ್ಕಿಂತ ಮೊದಲು 1893-ಎಸ್. ಒಂದು ಲಕ್ಷ ಮಾತ್ರ ಅಚ್ಚಾದದ್ದು, ಎಷ್ಟು ಸವೆದಿದ್ದರೂ ಬೆಲೆಯಿದೆ. ಆಮೇಲೆ 1889-ಸಿಸಿ (3,50,000), 1894 ಫಿಲಡೆಲ್ಫಿಯಾ (1,10,000). ಸಿಸಿ ಇರುವ ಯಾವುದೇ ಡಾಲರನ್ನೂ ಬೇರೆ ಇಡಿ. ಗುರುತಿಲ್ಲದ 1895 ಕಂಡರೆ ಹಿಗ್ಗುವ ಮೊದಲು ಅನುಮಾನಪಡಿ. ಸಂಗ್ರಹಕಾರರಿಗೆಂದು ವಿಶೇಷವಾಗಿ ಅಚ್ಚುಹಾಕಿದ 880 ಪ್ರೂಫ್ ನಾಣ್ಯಗಳ ವಿಷಯ ಮಾತ್ರ ತಿಳಿದಿದೆ, ಬೀದಿಯಲ್ಲಿ ಕಾಣುವುದು ಬಹುತೇಕ ಓ ಅಥವಾ ಎಸ್ ಅಕ್ಷರವನ್ನು ಕೆರೆದು ತೆಗೆದದ್ದು. ಪೀಸ್‌ನಲ್ಲಿ 1928 ಫಿಲಡೆಲ್ಫಿಯಾ (3,60,649) ಮತ್ತು 1921. ಈ 1921ರ ಉಬ್ಬು ಎತ್ತರವಾಗಿತ್ತು, ಯಂತ್ರಕ್ಕೆ ತಡೆಯಲಿಲ್ಲ, ಮುಂದಿನ ವರ್ಷದಿಂದ ತಗ್ಗಿಸಿದರು. ಹಾಗಾಗಿ ಮುಂಬದಿಯ ಲಿಬರ್ಟಿ ದೇವಿಯ ನಡುವಿನ ಕೂದಲು ಹುಟ್ಟಿನಿಂದಲೇ ಮಸುಕಾಗಿರುವುದುಂಟು.

ಇನ್ನು ಕೆಲವು ಮೈ ನೋಡಿ ಬೆಲೆಯಾಗುವಂಥವು. 1884-ಎಸ್, 1901 ಫಿಲಡೆಲ್ಫಿಯಾ ಸವೆದಿದ್ದರೆ ಬೆಲೆ ಸಾಧಾರಣ, ಸವೆಯದೆ ಇದ್ದರೆ ಬಹಳ ದುಬಾರಿ. 1934-ಎಸ್ ಪೀಸ್ ಡಾಲರೂ ಅದೇ ಜಾತಿ. ಇವುಗಳಲ್ಲಿ ‘ಸ್ವಲ್ಪ ಸವೆದ’ ಮತ್ತು ‘ಸವೆಯದ’ ನಡುವಿನ ಗೆರೆಯೇ ಇಡೀ ಹಣ.

ಧಾರವಾಡದ_ನಾಣ್ಯಪೆಟ್ಟಿಗೆ:
ಚಿಲ್ಲರೆ ಮರೀಬ್ಯಾಡ್ರಿ. 1932ರ ವಾಷಿಂಗ್ಟನ್ ಕ್ವಾರ್ಟರ್‌ದಾಗ ಡಿ (4,36,800) ಮತ್ತ ಎಸ್ (4,08,000), ಹಿಂಬದಿ ಹಾರದ ಕೆಳಗ ಗುರುತು. ನಡೆಯೋ ಲಿಬರ್ಟಿ ಅರ್ಧ ಡಾಲರ್‌ದಾಗ 1921 (2,46,000), 1921-ಡಿ (2,08,000), 1938-ಡಿ (4,91,600). ನಿಂತ ಲಿಬರ್ಟಿ ಕ್ವಾರ್ಟರ್‌ದಾಗ 1925ಕ್ಕಿಂತ ಮೊದಲಿನವು ಇಸವಿನೇ ಅಳಿಸಿ ಹೋಗಿರ್ತಾವ. ಇಸವಿ ಉಬ್ಬಿ ನಿಂತಿತ್ತು, ಮೊದಲು ಸವೆಯೋದೇ ಅದು. 1925ರಾಗ ತಗ್ಗಿನೊಳಗ ಇಟ್ರು.

ಅಂಚು_ಅಚ್ಚು:
ಮುಖ್ಯ ಇಸವಿ (ಮೇಲೆ ಹೇಳಿದಂಥ ಅಪರೂಪದ್ದು) ಸಿಕ್ಕಿತು ಅಂದ ಕೂಡಲೇ ಖೋಟಾ ಪರೀಕ್ಷೆ ಶುರುವಾಗಬೇಕು. ಬೇಕಾದದ್ದು 0.01 ಗ್ರಾಂ ತೋರಿಸುವ ತಕ್ಕಡಿ, 10 ಪಟ್ಟು ಹಿಗ್ಗಿಸುವ ಮಸೂರ, ಒಂದು ಗಾಜಿನ ಲೋಟ ನೀರು, ತೆಳು ದಾರ.

ತೂಕ 26.73. ಟಂಕಸಾಲೆ ಒಪ್ಪಿಕೊಳ್ಳುತ್ತಿದ್ದ ವ್ಯತ್ಯಾಸ ಸುಮಾರು 0.10 ಗ್ರಾಂ ಮಾತ್ರ. ಸವೆತದಿಂದ ಕಡಿಮೆಯಾಗಬಹುದು, ಹೆಚ್ಚಾಗುವಂತಿಲ್ಲ. 27 ದಾಟಿದ ಮಾರ್ಗನ್ ನಕಲಿ. ಅಡ್ಡಳತೆ 38.1 ಮಿ.ಮೀ. ಮೇಲಿಂದ ಕೆಳಕ್ಕೆ ಮಗುಚಿದರೆ ಹಿಂಬದಿಯ ಹದ್ದು ನೆಟ್ಟಗೆ ನಿಲ್ಲಬೇಕು. ಪಕ್ಕಕ್ಕೆ ಮಗುಚಿದಾಗ ನೆಟ್ಟಗೆ ನಿಂತರೆ ಸಂಶಯಪಡಿ.

ಸಾಂದ್ರತೆ ಹೀಗೆ ಅಳೆಯಿರಿ. ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ದಾರಕ್ಕೆ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗಿಸಿ, ತಳಕ್ಕೂ ಗೋಡೆಗೂ ತಾಗದಂತೆ ಕೈಯಲ್ಲಿ ತೂಗಿಹಿಡಿಯಿರಿ. ಆಗ ಕಾಣುವ ಅಂಕಿ ನಾಣ್ಯದ ಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿದರೆ ಶೇ 90 ಬೆಳ್ಳಿಗೆ 10.3ರ ಆಸುಪಾಸು ಬರಬೇಕು, ಅಂದರೆ 26.73 ಗ್ರಾಂ ನಾಣ್ಯಕ್ಕೆ ನೀರಿನ ಅಂಕಿ 2.58ರಿಂದ 2.60. ಬೆಳ್ಳಿ ಲೇಪದ ತಾಮ್ರವಾದರೆ 2.98ರ ಹತ್ತಿರ, ಹಿತ್ತಾಳೆಯಾದರೆ 3.1 ದಾಟುತ್ತದೆ. ತಪ್ಪಾಗುವುದು ಗುಳ್ಳೆಗಳಿಂದ. ಕೂದಲಿನ ಸಂದಿಯಲ್ಲಿ ಗಾಳಿಗುಳ್ಳೆ ಕೂತರೆ ಅಸಲಿಯೂ ನಕಲಿಯಂತೆ ತೋರುತ್ತದೆ. ನೀರಿಗೆ ಒಂದೇ ಹನಿ ಪಾತ್ರೆ ತೊಳೆಯುವ ಸೋಪಿನ ದ್ರವ ಬಿಟ್ಟು, ನಾಣ್ಯವನ್ನು ಮೆಲ್ಲಗೆ ಅಲ್ಲಾಡಿಸಿ. ಆದಮೇಲೆ ಶುದ್ಧ ನೀರಿನಲ್ಲಿ ಅದ್ದಿ ಮೆತ್ತನೆ ಬಟ್ಟೆಯ ಮೇಲೆ ಒತ್ತಿ ಒಣಗಿಸಿ. ಉಜ್ಜಬೇಡಿ.

ಅಯಸ್ಕಾಂತ ಅಂಟಿದರೆ ನಕಲಿ. ಅಂಟದಿದ್ದರೆ ಕಬ್ಬಿಣವಲ್ಲ ಅಂತ ಗೊತ್ತಾಯಿತು, ಅಷ್ಟೇ. ತಾಮ್ರಕ್ಕೂ ಹಿತ್ತಾಳೆಗೂ ಅದು ಅಂಟುವುದಿಲ್ಲ.

ಈಗ ಅಸಲಿ ಬೆಳ್ಳಿಯಲ್ಲೇ ಮಾಡಿದ ನಕಲಿಗಳಿವೆ, ಅವು ಮೇಲಿನ ಎಲ್ಲ ಪರೀಕ್ಷೆ ಪಾಸಾಗುತ್ತವೆ. ಅಲ್ಲಿ ಅಚ್ಚಿನ ಚಿಹ್ನೆಯೇ ಗತಿ. 1893-ಎಸ್ ಎಲ್ಲವೂ ಒಂದೇ ಮುಂಬದಿ ಅಚ್ಚಿನಿಂದ ಬಂದವು. ‘ಲಿಬರ್ಟಿ’ ಪದದ ಟಿ ಅಕ್ಷರದ ತಲೆಯಲ್ಲಿ ಓರೆಯಾದ ಸಣ್ಣ ಉಬ್ಬುಗೆರೆ, ಆರ್ ಅಕ್ಷರದ ಎಡಗಾಲಿನಲ್ಲಿ ಇನ್ನೊಂದು ಉಬ್ಬುಗುರುತು. ಇವೆರಡೂ ಇಲ್ಲದಿದ್ದರೆ ಅದು ಬೇರೆ ಟಂಕಸಾಲೆಯ 1893ಕ್ಕೆ ಎಸ್ ಅಂಟಿಸಿದ್ದೋ, 1898-ಎಸ್‌ನ ಎಂಟನ್ನು ಮೂರಾಗಿ ತಿದ್ದಿದ್ದೋ ಆಗಿರುತ್ತದೆ. ತುಂಬ ಸವೆದದ್ದರಲ್ಲಿ ಮಾತ್ರ ಈ ಗೆರೆಗಳು ಅಳಿಸಿರಬಹುದು. ಅಂಟಿಸಿದ ಅಕ್ಷರದ ಬುಡದಲ್ಲಿ ಮಸೂರಕ್ಕೆ ಕೂಡುಗೆರೆ ಕಾಣುತ್ತದೆ. ಕಾರ್ಸನ್ ಸಿಟಿಯಲ್ಲಿ 1886, 1887, 1888ರಲ್ಲಿ ಡಾಲರ್ ಅಚ್ಚಾಗಲೇ ಇಲ್ಲ, ಆ ಇಸವಿಗೆ ಸಿಸಿ ಕಂಡರೆ ಮಸೂರವೂ ಬೇಡ.

ಟ್ರೇಡ್ ಡಾಲರ್ ಬಗ್ಗೆ ವಿಶೇಷ ಎಚ್ಚರಿಕೆ. ಏಷ್ಯಾದ ವ್ಯಾಪಾರಕ್ಕೆಂದೇ 1873ರಲ್ಲಿ ಶುರುವಾದ ನಾಣ್ಯ ಅದು, ತೂಕ 27.22 ಗ್ರಾಂ. 1873ಕ್ಕಿಂತ ಹಿಂದಿನ ಇಸವಿಯ ಟ್ರೇಡ್ ಡಾಲರ್ ಯಾರಾದರೂ ತೋರಿಸಿದರೆ ಮಾತು ಅಲ್ಲಿಗೇ ನಿಲ್ಲಿಸಿ. 1804ರ ಡಾಲರ್ ಅಂತ ತೋರಿಸಿದರೂ ಹಾಗೆಯೇ. ಆ ಇಸವಿ ಹೊತ್ತ ಅಸಲಿಗಳು ಅಚ್ಚಾದದ್ದೇ 1834ರಿಂದ ಈಚೆಗೆ, ಮೊದಲು ಮಸ್ಕತ್ ಸುಲ್ತಾನ, ಸಯಾಂ ರಾಜರಂಥವರಿಗೆ ಕಾಣಿಕೆಯಾಗಿ.

ಸ್ವಾತಿ_ನ್ಯೂಜೆರ್ಸಿ:
ಸವೆತ ನೋಡುವ ರೀತಿ ಹೇಳುತ್ತೇನೆ. ಕೋಣೆಯ ದೀಪ ಆರಿಸಿ ಮೇಜಿನ ಒಂದೇ ದೀಪದ ಕೆಳಗೆ ನಾಣ್ಯವನ್ನು ಓರೆಯಾಗಿ ಹಿಡಿದು ಮೆಲ್ಲಗೆ ತಿರುಗಿಸಿ. ಸವೆಯದ ಡಾಲರಿನ ಮೇಲೆ ಹೊಳಪು ಬಂಡಿಚಕ್ರದ ಅರೆಗಳಂತೆ ಸುತ್ತುತ್ತದೆ. ಕಿವಿಯ ಮೇಲಿನ ಕೂದಲು, ಕೆನ್ನೆ, ಹದ್ದಿನ ಎದೆ, ಈ ಮೂರು ಎತ್ತರದ ಜಾಗಗಳಲ್ಲಿ ಆ ಹೊಳಪು ತುಂಡಾಗಿ ಬೂದಿಬಣ್ಣ ಕಂಡರೆ ಸವೆದಿದೆ ಎಂದರ್ಥ. ಸವೆತ ತುಸುವೇ ಇದ್ದರೆ ಅದು ಎಯು, ಅಂದರೆ 70ರವರೆಗಿನ ಅಳತೆಯಲ್ಲಿ 50ರಿಂದ 58ರ ದರ್ಜೆ. ಸವೆಯದ ನಾಣ್ಯದ ಎಂಎಸ್ ದರ್ಜೆ 60ರಿಂದ ಶುರು.

ಇಲ್ಲಿ ಹೊಸಬರು ತಪ್ಪುವುದು ನ್ಯೂ ಆರ್ಲಿಯನ್ಸ್ ನಾಣ್ಯಗಳಲ್ಲಿ. ಅಲ್ಲಿ ಅಚ್ಚಿನ ಒತ್ತಡ ಕಡಿಮೆ ಇಡುತ್ತಿದ್ದರು, ಕಿವಿಯ ಮೇಲಿನ ಕೂದಲು ಹುಟ್ಟಿನಿಂದಲೇ ಮಸುಕು. ಹೊಳಪು ತುಂಡಾಗದೆ ಆ ಮಸುಕಿನ ಮೇಲೂ ಹಾಯ್ದರೆ ಅದು ಸವೆತವಲ್ಲ. ಹೋಲಿಕೆಗೆ 1879ರಿಂದ 1882ರವರೆಗಿನ ಎಸ್ ಗುರುತಿನ ಒಂದು ಡಾಲರ್ ಪಕ್ಕದಲ್ಲಿಟ್ಟುಕೊಳ್ಳಿ. ಕಡಿಮೆ ಬೆಲೆಗೆ ಸಿಗುತ್ತದೆ, ಅಚ್ಚು ಬಲು ಚೂಪು.

ಸಾವಿರ ಡಾಲರಿನ ಬಟ್ಟೆ ಚೀಲದಲ್ಲಿ 26 ಕಿಲೋಗೂ ಮೀರಿದ ನಾಣ್ಯಗಳು ಒಂದಕ್ಕೊಂದು ಬಡಿದುಕೊಂಡು ಸಾಗಿದ್ದರಿಂದ ಹೊಸ ನಾಣ್ಯದ ಕೆನ್ನೆಯಲ್ಲೂ ಗಾಯಗಳಿರುತ್ತವೆ. ಅವು ಎಷ್ಟಿವೆ, ಎಲ್ಲಿವೆ ಎನ್ನುವುದರ ಮೇಲೆ 62, 63, 65 ಅಂತ ದರ್ಜೆ ಏರುತ್ತದೆ. ಕೆನ್ನೆಯ ನಡುವಿನ ಒಂದು ಗಾಯ ಹಿಂಬದಿಯ ಹತ್ತು ಗಾಯಕ್ಕೆ ಸಮ.

ಒರೆಗಲ್ಲು:
ತೊಳೆಯಬಾರದ ಕಾರಣಕ್ಕೆ ಈಗ ಬರೋಣ. ಸ್ವಾತಿ ಮೇಡಂ ಹೇಳಿದ ಬಂಡಿಚಕ್ರದ ಹೊಳಪು ಹುಟ್ಟುವುದು ಅಚ್ಚಿನ ಏಟಿಗೆ ಲೋಹ ಹರಿದಾಗ ಮೂಡುವ ಕಣ್ಣಿಗೆ ಕಾಣದಷ್ಟು ಸಣ್ಣ ಗೆರೆಗಳಿಂದ. ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿ, ಯಾವುದರಿಂದ ಉಜ್ಜಿದರೂ ಆ ಗೆರೆ ಹೋಗಿ ಅದರ ಜಾಗದಲ್ಲಿ ಒಂದೇ ದಿಕ್ಕಿನ ಗೀರುಗಳು ಉಳಿಯುತ್ತವೆ. ನಾಣ್ಯ ಬೆಳ್ಳಗಾಗುತ್ತದೆ, ಜೀವ ಹೋಗುತ್ತದೆ. ಪೂಜೆಯ ಬೆಳ್ಳಿ ಉಜ್ಜುವ ಕೈಗೆ ಇದು ಒಗ್ಗುವುದಿಲ್ಲ, ಆದರೂ ಹೇಳಲೇಬೇಕು. ಅಡಿಗೆ ಸೋಡಾ ಮತ್ತು ಅಲ್ಯುಮಿನಿಯಂ ಹಾಳೆಯ ವಿಧಾನದಲ್ಲಿ ಉಜ್ಜುವುದಿಲ್ಲ ನಿಜ. ಆದರೆ ಕಪ್ಪು ಎಂದರೆ ಬೆಳ್ಳಿಯ ಮೇಲಿನ ಪದರವೇ ಗಂಧಕದೊಂದಿಗೆ ಸೇರಿ ಆದದ್ದು. ಅದನ್ನು ಕಳೆದರೆ ಕೆಳಗೆ ಮಂಕು ಮೈ ಉಳಿಯುತ್ತದೆ, ನೋಡಬಲ್ಲವರು ಒಂದೇ ನೋಟಕ್ಕೆ ಹೇಳುತ್ತಾರೆ.

ತೆಗೆಯಲೇಬೇಕಾದದ್ದು ಒಂದೇ: ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಚೀಲದಿಂದ ಬರುವ ಅಂಟಂಟು ಹಸಿರು ಪೊರೆ. ಬಿಟ್ಟರೆ ಲೋಹವನ್ನು ತಿನ್ನುತ್ತದೆ. ಅದಕ್ಕೆ ಶುದ್ಧ ಅಸಿಟೋನ್ ಬೇಕು. ಬಣ್ಣ, ಸುವಾಸನೆ ಬೆರೆಸಿದ ಉಗುರುಬಣ್ಣ ತೆಗೆಯುವ ದ್ರವ ಬೇಡ. ಗಾಜಿನ ಬಟ್ಟಲಲ್ಲಿ ಕೆಲವು ನಿಮಿಷ ನೆನೆಸಿ, ಎರಡನೇ ಬಟ್ಟಲಿನ ಹೊಸ ಅಸಿಟೋನ್‌ನಲ್ಲಿ ಅದ್ದಿ ತೆಗೆದು ಗಾಳಿಗೆ ಬಿಡಿ. ಕಿಟಕಿ ತೆರೆದಿರಲಿ, ಒಲೆ, ದೀಪ ಹತ್ತಿರ ಬೇಡ. ಆಮೇಲೆ ಮೈಲಾರ್ (ಪಿವಿಸಿ ಇಲ್ಲದ ತೆಳು ಪ್ಲಾಸ್ಟಿಕ್) ಹೊದಿಕೆ ಅಥವಾ ಗಟ್ಟಿ ಪ್ಲಾಸ್ಟಿಕ್ ಡಬ್ಬಿ. ರಬ್ಬರ್‌ಬ್ಯಾಂಡ್ ಬೇಡವೇ ಬೇಡ, ಅದರ ಗಂಧಕ ಕರಿ ಗೆರೆ ಬರೆಯುತ್ತದೆ. ಕರಾವಳಿಯಲ್ಲಿ ಇಡುವವರು ಸಿಲಿಕಾ ಜೆಲ್ ಹಾಕಿ, ಮಳೆಗಾಲದಲ್ಲಿ ಬದಲಿಸಿ.

ಊರಿಗೆ ತಂದು ಮಾರುವ ಯೋಚನೆ ಇದ್ದರೆ, ಬೆಳ್ಳಿ ಅಂಗಡಿಯವರು ಕೊಡುವುದು ತೂಕ ಮತ್ತು ಟಚ್ ನೋಡಿ. ಇಸವಿಗೆ ಬೆಲೆಯಿಲ್ಲ. ಒರೆಗಲ್ಲಿಗೆ ಅಂಚು ತಿಕ್ಕಲು ಬಿಡಬೇಡಿ. ಸರಕ್ಕೆ ಕೊಂಡಿ ಬೆಸೆದ ಗುರುತು ಅಂಚಿನಲ್ಲಿದ್ದರೆ ಬೆಳ್ಳಿ ದರಕ್ಕಿಂತ ಹೆಚ್ಚು ಕೊಡಬೇಡಿ.

ಕಾವೇರಿ_ಡಲ್ಲಾಸ್:
ದರ್ಜೆ ಕಟ್ಟುವ ಕಂಪನಿಗೆ ಎಲ್ಲವನ್ನೂ ಕಳಿಸುವುದೇ ಒಳ್ಳೆಯದಲ್ಲವೇ? ಗಟ್ಟಿ ಪೆಟ್ಟಿಗೆಯಲ್ಲಿದ್ದರೆ ಮಾರುವುದು ಸುಲಭ ಅಂತಾರೆ.

ಸ್ವಾತಿ_ನ್ಯೂಜೆರ್ಸಿ:
ಎಲ್ಲವನ್ನೂ ಬೇಡ. ದರ್ಜೆ ಕಟ್ಟುವ ಕಂಪನಿಗಳಲ್ಲಿ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಶುರುವಾದವು. ಈ ಎರಡರ ಸ್ಲ್ಯಾಬ್‌ಗೆ (ದರ್ಜೆ ಬರೆದು ಮುಚ್ಚಿದ ಗಟ್ಟಿ ಪೆಟ್ಟಿಗೆಗೆ) ಮಾರುಕಟ್ಟೆಯಲ್ಲಿ ಬೆಲೆಯಿದೆ. ಆದರೆ ಶುಲ್ಕ, ಹೋಗಿ ಬರುವ ಅಂಚೆ, ವಿಮೆ ಎಲ್ಲ ಸೇರಿಸಿದರೆ 1921ರ ಸವೆದ ಮಾರ್ಗನ್‌ಗೆ ಖರ್ಚೇ ಬೆಳ್ಳಿಗಿಂತ ಹೆಚ್ಚಾಗಬಹುದು. ಸ್ಲ್ಯಾಬ್ ಇದ್ದಾಗಿನ ಬೆಲೆ ಮತ್ತು ಇಲ್ಲದಾಗಿನ ಬೆಲೆಯ ಅಂತರ ಒಟ್ಟು ಖರ್ಚಿನ ಮೂರು ಪಟ್ಟಾದರೂ ಇದ್ದರೆ ಕಳಿಸಿ. ತೊಳೆದ ನಾಣ್ಯಕ್ಕೆ ಸಂಖ್ಯೆ ಕೊಡದೆ ‘ಡೀಟೇಲ್ಸ್’ ಎಂದು ಬರೆದು ಕಳಿಸುತ್ತಾರೆ, ಶುಲ್ಕ ವಾಪಸ್ ಬರುವುದಿಲ್ಲ.

ಅಂಚು_ಅಚ್ಚು:
ಸ್ವಾತಿ ಅವರ ಮೂರು ಪಟ್ಟಿನ ಲೆಕ್ಕಕ್ಕೆ ನನ್ನ ಒಂದು ತಕರಾರಿದೆ. 1893-ಎಸ್, 1889-ಸಿಸಿ ಥರದವು ಎಷ್ಟೇ ಸವೆದಿರಲಿ, ತೊಳೆದೇ ಇರಲಿ, ಅಸಲಿಯೆಂಬ ಖಾತರಿಗಾಗಿ ಕಳಿಸಲೇಬೇಕು. ಅಲ್ಲಿ ಕೊಳ್ಳುವವರಿಗೆ ಬೇಕಾದದ್ದು ದರ್ಜೆಗಿಂತ ನಂಬಿಕೆ. ಸ್ಲ್ಯಾಬ್‌ನಲ್ಲೇ ಕೊಳ್ಳುವುದಾದರೆ ಕಂಪನಿಯ ತಾಣದಲ್ಲಿ ಅದರ ಸಂಖ್ಯೆ ಹಾಕಿ, ಅಲ್ಲಿನ ಚಿತ್ರವಿದ್ದರೆ ಗೀರು ಗೀರನ್ನೂ ಕೈಯಲ್ಲಿರುವುದಕ್ಕೆ ತಾಳೆ ನೋಡಿ. ಪೆಟ್ಟಿಗೆಯನ್ನೂ ಸಂಖ್ಯೆಯನ್ನೂ ನಕಲು ಮಾಡುವವರಿದ್ದಾರೆ.

ಸ್ವಾತಿ_ನ್ಯೂಜೆರ್ಸಿ:
ಒಪ್ಪುತ್ತೇನೆ, ಮುಖ್ಯ ಇಸವಿಗಳಿಗೆ ನನ್ನ ಲೆಕ್ಕ ಅನ್ವಯಿಸದು. ಇನ್ನೊಂದು ವಿಷಯ: ಕಾರ್ಸನ್ ಸಿಟಿ ಡಾಲರ್ ಕಪ್ಪು ಚೌಕಟ್ಟಿನ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸಿಕ್ಕರೆ ಒಡೆಯಬೇಡಿ. 1964ರಲ್ಲಿ ಖಜಾನೆ ಡಾಲರ್ ಕೊಡುವುದನ್ನು ನಿಲ್ಲಿಸಿದಾಗ ಉಳಿದ ಸುಮಾರು 29 ಲಕ್ಷ ನಾಣ್ಯಗಳನ್ನು ಸರ್ಕಾರವೇ 1972ರಿಂದ ಮಾರಿದ ಪೆಟ್ಟಿಗೆ ಅದು. ಪೆಟ್ಟಿಗೆ, ಅದರ ಹೊರಡಬ್ಬಿ, ಒಳಗಿನ ಚೀಟಿ ಮೂರೂ ಇದ್ದರೆ ಬೆಲೆ ಹೆಚ್ಚು.

ಧಾರವಾಡದ_ನಾಣ್ಯಪೆಟ್ಟಿಗೆ:
ಕಾವೇರಿ ಅಕ್ಕಾರ, ಅಲ್ಲಿ ಹೋದಾಗ ಹಿಂಗ ಮಾಡ್ರಿ. 28 ಡಾಲರ್ ಮುಂದ ಇಟ್ಕೊಂಡು ಒಂದೊಂದರ ಇಸವಿ, ಗುರುತು ಚೀಟಿ ಮ್ಯಾಲ ಬರಕೋರಿ. ಅಂಚು ಹಿಡಿದು ಎತ್ರಿ, ಮೈಗೆ ಬೆರಳು ತಾಗಬಾರದು. ಎಲ್ಲಾ 1921, 1922, 1923 ಇದ್ರ ಶೇ 10 ಮ್ಯಾಲ ಕೊಡೋದು ಸರಿಯಾದ ದರ, ಚೌಕಾಶಿಗೆ ಜಾಗಾನೂ ಐತಿ. ನಿಕಲ್ ಬ್ಯಾರೆ ತೆಗೆಸಿ ಬರೇ ಬೆಳ್ಳಿ ದರದ ಕೆಳಗ ಕೇಳ್ರಿ. ತಕ್ಕಡಿ ಒಯ್ಯೋದು ಮರೀಬ್ಯಾಡ್ರಿ, 28ನ್ನೂ ಒಂದೊಂದಾಗೇ ತೂಗ್ರಿ. ಒಟ್ಟಿಗೆ ತೂಗಿದ್ರ ಒಂದು ನಕಲಿ ಉಳಿದವುಗಳ ನಡುವ ಅಡಗಿಬಿಡ್ತೈತಿ.

ಕಾವೇರಿ_ಡಲ್ಲಾಸ್:
ಅಲ್ಲಿಂದ ಕಳಿಸಿದ ಫೋಟೋ ಈಗ ದೊಡ್ಡದು ಮಾಡಿ ನೋಡಿದೆ. ಪೀಸ್ ಆರೂ 1922, 1923. ಮಾರ್ಗನ್‌ನಲ್ಲಿ 1921 ಹದಿನಾಲ್ಕು, 1896 ಮೂರು, 1900-ಓ ಎರಡು, 1884-ಎಸ್ ಒಂದು, 1890-ಸಿಸಿ ಒಂದು, ಇನ್ನೊಂದರ ಹಿಂಬದಿ ಕಾಣುತ್ತಿಲ್ಲ, ಇಸವಿ 1887.

ಹಳೇಟಂಕಸಾಲೆ:
ಹಾಗಾದರೆ ಆ ಶೇ 10ನ್ನು 1890-ಸಿಸಿ ಒಂದೇ ತೀರಿಸುತ್ತದೆ, ಅಸಲಿಯಾಗಿದ್ದರೆ. ಸಿಸಿ ಅಕ್ಷರಗಳ ಬುಡ ಮೊದಲು ನೋಡಿ, ಆಮೇಲೆ ನೀರಿನ ಪರೀಕ್ಷೆ. 1884-ಎಸ್‌ನ ಕಿವಿಯ ಮೇಲೆ ದೀಪ ಹಿಡಿದು ಒಂದು ಹತ್ತಿರದ ಫೋಟೋ ಇಲ್ಲಿ ಹಾಕಿ, ಸವೆತ ಎಲ್ಲಿದೆ ಅಂತ ಎಲ್ಲರೂ ಸೇರಿ ನೋಡೋಣ. 1887ಕ್ಕೆ ಹಿಂಬದಿಯಲ್ಲಿ ಗುರುತಿಲ್ಲದಿದ್ದರೆ ಅಥವಾ ಓ, ಎಸ್ ಇದ್ದರೆ ಸರಿ. ಸಿಸಿ ಇದ್ದರೆ ಅದೊಂದನ್ನು ಅಲ್ಲೇ ಬಿಟ್ಟು, ಉಳಿದವನ್ನೆಲ್ಲ ಮತ್ತೊಮ್ಮೆ ತೂಗಿ.